‘ಎಷ್ಟು ಗ್ರಾಂ?’

ನಮಸ್ಕಾರ. ಬೈಬಲಿನ ಪ್ರವಾದಿಗಳ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಪ್ರವಾದಿಗಳು: ಅಂದು, ಇಂದು’ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

‘ಮುಂದಾಗುವುದನ್ನು ತಿಳಿಸುವ ದಿವ್ಯಪುರುಷರೇ ಪ್ರವಾದಿಗಳು’ ಎಂದು ಬರೆದಿದ್ದೀರಿ. ಪ್ರವಾದಿ ನಾತಾನ ಅರಸ ದಾವೀದನ ಹತ್ತಿರ ಹೋದದ್ದು ಜಾತಕ ಓದಲಿಕ್ಕಾ? ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಕಟ್ಟಿಕೊಂಡ ಅರಸನಿಗೆ, ಬಡವನ ಒಂದೇ ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕತೆ ಹೇಳಿ ‘ಆ ಮನುಷ್ಯ ನೀನೇ’ ಅಂದ. ಮುಂದಿನದನ್ನೂ ಅವರು ಹೇಳುತ್ತಿದ್ದರು, ನಿಜ. ಜಾಸ್ತಿ ಸಲ ಅದು ‘ಹೀಗೇ ನಡೆದರೆ ಕೆಡುತ್ತೀರಿ’ ಅನ್ನುವ ಎಚ್ಚರಿಕೆ.

‘ದಿವ್ಯಪುರುಷ’ವನ್ನೂ ಹೊಡೆದುಹಾಕಿ. ಪ್ರವಾದಿ ಆಮೋಸ ತೆಕೋವ ಅನ್ನುವ ಊರಿನ ಕುರಿಗಾರ, ಅತ್ತಿಮರ ನೋಡಿಕೊಳ್ಳುತ್ತಿದ್ದವನು.

ಮುಂದಿನ ಸಾಲು ಇನ್ನೂ ಕೆಟ್ಟದ್ದು: ‘ಆಮೋಸನು ಅನ್ಯಾಯಗಳನ್ನು ಉಗ್ರವಾಗಿ ಖಂಡಿಸಿದನು.’ ಯಾವ ಅನ್ಯಾಯ ಸ್ವಾಮಿ? ಅವನೇ ಬಿಡಿಸಿ ಹೇಳಿದ್ದಾನಲ್ಲ! ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ. ಧಾನ್ಯ ಅಳೆಯುವ ಕೊಳಗ ಚಿಕ್ಕದು, ಬೆಲೆಯಾಗಿ ಪಡೆಯುವ ಬೆಳ್ಳಿ ತೂಗುವ ಕಲ್ಲು ದೊಡ್ಡದು. ಗೋಧಿಯ ಕಸವನ್ನೂ ಮಾರುತ್ತೀರಿ. ವಾರದ ವಿಶ್ರಾಂತಿಯ ದಿನ ಸಬ್ಬತ್ ಯಾವಾಗ ಮುಗಿದೀತು, ವ್ಯಾಪಾರ ಯಾವಾಗ ಶುರುವಾದೀತು ಎಂದು ಚಡಪಡಿಸುತ್ತೀರಿ. ಇಷ್ಟೆಲ್ಲ ಬಿಟ್ಟು ಸುಮ್ನೆ ‘ಅನ್ಯಾಯಗಳು’ ಅಂದರೆ, ಆ ವ್ಯಾಪಾರಿಯೂ ತಲೆದೂಗಿ ಮನೆಗೆ ಹೋಗುತ್ತಾನೆ.

ಪತ್ರಿಕೆಗೆ ಸೇರಿದ ಹೊಸತರಲ್ಲಿ ನಾನೂ ಒಂದು ರೇಷನ್ ಅಂಗಡಿ ಬಗ್ಗೆ ‘ಬಡವರ ಶೋಷಣೆ’ ಅಂತ ಬರೆದುಕೊಂಡು ಹೋಗಿದ್ದೆ. ನಮ್ಮ ಸಂಪಾದಕರು ಕನ್ನಡಕ ಹಣೆಗೇರಿಸಿ ‘ಎಷ್ಟು ಗ್ರಾಂ?’ ಅಂದರು. ಅಷ್ಟೇ. ವಾಪಸ್ ಹೋದೆ. ಒಬ್ಬ ಅಜ್ಜಿಯ ಅಕ್ಕಿ ಚೀಲವನ್ನು ಪಕ್ಕದ ತರಕಾರಿಯವನ ತಕ್ಕಡಿಯಲ್ಲಿ ಇಡಿಸಿದೆ. 10 ಕೆ.ಜಿ.ಗೆ 600 ಗ್ರಾಂ ಕಮ್ಮಿ. ಅಂಗಡಿಯವನು ಹೊರಗೆ ಬಂದು ‘ನಿಮ್ಮೂರಿಗೆ ಹೋಗಿ ಬರ್ಕೊಳ್ರೀ’ ಅಂದ.

ಬೇತೇಲ್ ಊರಿನ ಗುಡಿಯ ಯಾಜಕ ಅಮಚ್ಯ ಆಮೋಸನಿಗೆ ಹೇಳಿದ್ದೂ ಅದೇ ಅಲ್ವಾ? ನಿನ್ನ ನಾಡು ಯೆಹೂದಕ್ಕೆ ಓಡು, ಅಲ್ಲೇ ಪ್ರವಾದಿಸಿ ಹೊಟ್ಟೆ ಹೊರೆದುಕೋ, ಇದು ಅರಸನ ಗುಡಿ. ಅರಸ ಎರಡನೇ ಯಾರೊಬ್ಬಾಮ, ಕ್ರಿ.ಪೂ. 8ನೇ ಶತಮಾನ, ಬೇತೇಲ್ ಇದ್ದ ಉತ್ತರದ ರಾಜ್ಯ ಇಸ್ರಾಯೇಲಿಗೆ ಒಳ್ಳೇ ಸುಗ್ಗಿ. ‘ನಾನು ಪ್ರವಾದಿಯಲ್ಲ, ಪ್ರವಾದಿಯ ಮಗನೂ ಅಲ್ಲ’ ಎಂದು ಕುರಿಗಾರ ಎದುರುತ್ತರ ಕೊಟ್ಟದ್ದು ಅಲ್ಲೇ. ಇಂಥ ಜಾಗಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು!

ಕೊನೆಗೆ ‘ಇಂದಿಗೂ ನಂಬಿಕೆಗೆ ಪ್ರವಾದಿಗಳು ಬೇಕು’ ಎಂದಿದ್ದೀರಿ. ವೀಸಾ ಯಾವಾಗ ಬರುತ್ತದೆ, ಮದುವೆ ಯಾವಾಗ ಆಗುತ್ತದೆ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತ ದೊಡ್ಡ ಕಾಣಿಕೆಯವರಿಗೆ ‘ನಿಮ್ಮ ಕೆಲಸದವರ ಸಂಬಳ ಕೊಟ್ಟಿದ್ದೀರಾ?’ ಎಂದು ಕೇಳುವವರು ಯಾರು? ಅದನ್ನು ಬರೆಯಿರಿ. ಬೇತೇಲಿನಿಂದ ಶುರುಮಾಡಿ. 10ನೇ ತಾರೀಖಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.