ಡ್ರಾಫ್ಟ್ ತಪ್ಪಿದರೆ ಆಟ ಮುಗಿಯಿತೇ?

ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಯಾರೂ ಆರಿಸದ ಡಿಫೆನ್ಸ್ (ರಕ್ಷಣಾ ವಿಭಾಗದ) ಆಟಗಾರ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಿಜಕ್ಕೂ ದೊಡ್ಡ ಹೆಸರು ಮಾಡಿದ್ದುಂಟಾ ಅಂತ ಕೇಳಿದ್ದೀರಿ. ಉಂಟು ಸರ್. ಜೇಮ್ಸ್ ಹ್ಯಾರಿಸನ್ ಬಗ್ಗೆ ಓದಿ.

2002ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದಾಗ ಲೈನ್‌ಬ್ಯಾಕರ್ (ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಆಟಗಾರ) ಜಾಗಕ್ಕೆ ಕುಳ್ಳ ಅಂದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಸೇರಿಸಿಕೊಂಡು ಮತ್ತೆ ಮತ್ತೆ ಕೈಬಿಟ್ಟಿತು, ಬಾಲ್ಟಿಮೋರ್ ರೇವನ್ಸ್ ಕೂಡ ಬಿಟ್ಟಿತು. 2004ರಲ್ಲಿ ಸ್ಟೀಲರ್ಸ್‌ನ ಒಬ್ಬ ಲೈನ್‌ಬ್ಯಾಕರ್ ಗಾಯಗೊಂಡದ್ದರಿಂದ ಮತ್ತೆ ಕರೆ ಬಂತು. ಆರಂಭಿಕ ಹನ್ನೊಂದರಲ್ಲಿ ಕಾಯಂ ಜಾಗ ಸಿಕ್ಕಿದ್ದು 2007ರಲ್ಲಿ. ಮರು ವರ್ಷವೇ 16 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು), ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರ ಪ್ರಶಸ್ತಿ. ಡ್ರಾಫ್ಟ್ ಆಗದವನೊಬ್ಬ ಅದನ್ನು ಗೆದ್ದದ್ದು ಅದೇ ಮೊದಲು.

ಆದರೆ ನನ್ನ ಮನಸ್ಸಲ್ಲಿ ಉಳಿದಿರುವುದು 2009ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಅರ್ಧವಿರಾಮಕ್ಕೆ ಕೆಲವೇ ಸೆಕೆಂಡು. ಎದುರಾಳಿ ಅರಿಜೋನಾ ತಂಡ ಗೋಲು ಗೆರೆಯಿಂದ ಒಂದೇ ಗಜ ದೂರದಲ್ಲಿ. ಹ್ಯಾರಿಸನ್ ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಕರ್ಟ್ ವಾರ್ನರ್ ಮೇಲೆ ನುಗ್ಗಬೇಕಿತ್ತು. ಎದುರಾಳಿ ಚೆಂಡನ್ನು ಬೇಗ ಬಿಡುತ್ತಾನೆಂದು ಊಹಿಸಿ ಹಿಂದೆ ಸರಿದು ನಿಂತ. ವಾರ್ನರ್ ಎಸೆತ ಸೀದಾ ಹ್ಯಾರಿಸನ್ ಕೈಗೆ! ಅಷ್ಟು ಭಾರದ ಮೈ ಹೊತ್ತು 100 ಗಜ ಓಡಿ, ಎದುರು ತುದಿಯ ಗೆರೆ ದಾಟಿ ಟಚ್‌ಡೌನ್. ಕೊನೆಗೆ ಸ್ಟೀಲರ್ಸ್ ಗೆದ್ದದ್ದು 27-23ರಿಂದ, ಬರೀ ನಾಲ್ಕು ಅಂಕ.

ಆ ಓಟದ ವಿಡಿಯೋ ನೋಡಿ. ಓಟಕ್ಕಿಂತ ಮೊದಲು, ಹಿಂದೆ ಸರಿದ ಆ ಹೆಜ್ಜೆಗಳನ್ನು ಗಮನಿಸಿ.