ಅದೇ ರಸ್ತೆ, ಅದೇ ಕಾರು, ಬೇರೆ ಬೇರೆ ಮೈಲೇಜ್

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ಪ್ರತಿ ಶನಿವಾರ ಬೆಳಿಗ್ಗೆ ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ ಸಂಜೆ ಮರಳುತ್ತೇವೆ. ನಮ್ಮ ಮನೆಯಿಂದ ಒಂದು ಕಡೆಗೆ 62 ಕಿ.ಮೀ. ಆಗುತ್ತದೆ. ಕಳೆದ ವರ್ಷ ಕೊಂಡ ಪೆಟ್ರೋಲ್ ಹೈಬ್ರಿಡ್ ಕಾರು (ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವಂಥದ್ದು) ಹೋಗುವಾಗ ಲೀಟರಿಗೆ 26 ಕಿ.ಮೀ. ಎಂದು ತೋರಿಸಿದರೆ ಬರುವಾಗ 22 ಎಂದು ತೋರಿಸುತ್ತದೆ. ಮಳೆಯಿದ್ದ ಒಂದು ವಾರ ಹೋಗುವಾಗಲೇ 23ಕ್ಕೆ ಇಳಿದಿತ್ತು. ಸರ್ವಿಸ್‌ನವರು ಎಲ್ಲ ಸರಿಯಿದೆ ಎನ್ನುತ್ತಾರೆ. ಲೀಟರಿಗೆ 14 ಕೊಡುತ್ತಿದ್ದ ನಮ್ಮ ಹಳೆಯ ಕಾರು ಹೀಗೆ ಏರಿಳಿಯುತ್ತಿರಲಿಲ್ಲ. ಬ್ಯಾಟರಿ ಕೆಟ್ಟಿರಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನೀವು ಕೊಟ್ಟಿರುವ ಅಂಕಿಗಳಲ್ಲಿ ಬ್ಯಾಟರಿ ಕೆಟ್ಟಿದೆ ಎನ್ನುವುದಕ್ಕೆ ಯಾವ ಸೂಚನೆಯೂ ಕಾಣುವುದಿಲ್ಲ. ಮೊದಲು ಈ ಲೆಕ್ಕವನ್ನು ಕಿಲೋಮೀಟರಿನಿಂದ ಲೀಟರಿಗೆ ತಿರುಗಿಸೋಣ. 62 ಕಿ.ಮೀ.ಗೆ 26ರ ದರದಲ್ಲಿ 2.38 ಲೀಟರ್, 22ರ ದರದಲ್ಲಿ 2.82 ಲೀಟರ್ ಪೆಟ್ರೋಲ್ ಬೇಕು. ಅಂದರೆ ನಿಮ್ಮನ್ನು ಕಾಡುತ್ತಿರುವ ವ್ಯತ್ಯಾಸ ಅರ್ಧ ಲೀಟರಿಗೂ ಕಡಿಮೆ. ಹಳೆಯ ಕಾರು ಇದೇ ದಾರಿಗೆ 4.43 ಲೀಟರ್ ಕುಡಿಯುತ್ತಿತ್ತು. ಅದಕ್ಕೆ ಇಷ್ಟೇ ಪೆಟ್ರೋಲ್ ಹೆಚ್ಚಾಗಿ ಖರ್ಚಾಗಿದ್ದರೆ 14 ಇದ್ದದ್ದು 12.8 ಆಗುತ್ತಿತ್ತು, ನೀವು ಬಹುಶಃ ಗಮನಿಸುತ್ತಲೂ ಇರಲಿಲ್ಲ. ಏರಿಳಿತ ಆಗಲೂ ಇತ್ತು. ಖರ್ಚೇ ಕಡಿಮೆಯಿರುವ ಕಾರಿನಲ್ಲಿ ಅದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಇನ್ನು ಆ ಅರ್ಧ ಲೀಟರ್ ಎಲ್ಲಿ ಹೋಯಿತು ಎಂಬ ಪ್ರಶ್ನೆ. ಹಾಸನಕ್ಕಿಂತ ಚಿಕ್ಕಮಗಳೂರು ಸುಮಾರು 100 ಮೀಟರ್ ಎತ್ತರದಲ್ಲಿದೆ. ನಡುವಿನ ಏರಿಳಿತಗಳಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಜನರೂ ಸೇರಿ 1,400 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 0.4 ಯೂನಿಟ್ (ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಯೂನಿಟ್ ಶಕ್ತಿಯಿದ್ದು, ಅದರ ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆಂದು ಇಟ್ಟುಕೊಂಡರೆ, ಈ ಏರಿಗೆ ತಗಲುವುದು 120–130 ಮಿಲಿಲೀಟರ್, ಅಂದರೆ ಒಂದು ಲೋಟ ಕಾಫಿಯಷ್ಟು. ಬರುವಾಗ ಖರ್ಚಾಗುವ ಈ ಲೋಟ ಹೋಗುವಾಗ ಬಹುಮಟ್ಟಿಗೆ ಉಳಿಯುತ್ತದೆಯಾದ್ದರಿಂದ ಎರಡೂ ದಿಕ್ಕುಗಳ ನಡುವಿನ ಅಂತರ ಕಾಲು ಲೀಟರಿನ ಹತ್ತಿರ ಬರುತ್ತದೆ.

ಮಿಕ್ಕದ್ದರಲ್ಲಿ ಗಾಳಿಗೂ ಪಾಲಿದೆ. ಹಾಸನದಿಂದ ನಿಮ್ಮ ಊರಿಗೆ ಬರುವ ದಾರಿ ವಾಯವ್ಯಕ್ಕೆ ಸಾಗುತ್ತದೆ. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 60 ಕಿ.ಮೀ. ವೇಗದ ಕಾರಿಗೆ 20 ಕಿ.ಮೀ. ವೇಗದ ಗಾಳಿ ನೇರ ಎದುರಾದರೆ ಆ ತಡೆ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಬೇಲೂರು–ಹಾಸನದ ನಡುವಿನ ಹಗರೆಯ ಆಚೀಚೆ ರಸ್ತೆ ಬಿಡುವಾಗಿದೆಯೆಂದು 80ರ ಬದಲು 100ರಲ್ಲಿ ಓಡಿಸಿದರೂ ಇದೇ ಲೆಕ್ಕ ಅನ್ವಯಿಸುತ್ತದೆ.

ಮಳೆಯ ವಾರದ 23 ಕೂಡ ವಿಚಿತ್ರವಲ್ಲ. ನೀರು ನಿಂತ ರಸ್ತೆಯಲ್ಲಿ ಟೈರಿನ ಎಳೆತ ಹೆಚ್ಚುತ್ತದೆ. ಗಾಜಿನ ಮಂಜು ತೆಗೆಯಲು ಎ.ಸಿ. ಹಾಕಿರುತ್ತೀರಿ, ವೈಪರ್ ಮತ್ತು ದೀಪಗಳೂ ಉರಿಯುತ್ತಿರುತ್ತವೆ. ಎ.ಸಿ. ಗಂಟೆಗೆ ಅರ್ಧ ಯೂನಿಟ್ ತೆಗೆದುಕೊಂಡರೂ ಒಂದೂವರೆ ಗಂಟೆಯ ಪ್ರಯಾಣದಲ್ಲಿ ಅದು ಕಾಲು ಲೀಟರ್ ಪೆಟ್ರೋಲಿಗೆ ಸಮ. ಮಲೆನಾಡಿನ ತಣ್ಣನೆಯ ಬೆಳಗಿನಲ್ಲಿ ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿ ಚಾಲೂ ಆಗುವುದನ್ನು ನೀವು ನೋಡಿರಬಹುದು. ತನ್ನನ್ನೂ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲು ಅದು ಹಾಗೆ ಮಾಡುತ್ತದೆ. ಮೊದಲ ಕೆಲವು ಕಿಲೋಮೀಟರುಗಳ ಮೈಲೇಜ್ ಕಳಪೆಯಾಗುವುದು ಅದರಿಂದಲೇ.

ನೀವು ಅನುಮಾನಿಸಿದ ಬ್ಯಾಟರಿಯ ಪಾತ್ರ, ನನ್ನ ಅಭಿಪ್ರಾಯದಲ್ಲಿ, ಜನ ಭಾವಿಸುವುದಕ್ಕಿಂತ ಚಿಕ್ಕದು. ಪ್ಲಗ್‌ಗೆ ಹಾಕದ ಇಂಥ ಕಾರುಗಳ ಬ್ಯಾಟರಿಯ ಸಾಮರ್ಥ್ಯ ಒಂದು ಯೂನಿಟ್ಟಿನ ಆಸುಪಾಸಿನಲ್ಲಿರುತ್ತದೆ, ಅದರಲ್ಲೂ ನಡುವಿನ ಒಂದು ಪಾಲನ್ನಷ್ಟೇ ಕಾರು ಬಳಸುತ್ತದೆ. ತುಂಬಿದ ಬ್ಯಾಟರಿಯೊಂದಿಗೆ ಹೊರಟ ದಿನಕ್ಕೂ ಬರಿದಾದದ್ದರೊಂದಿಗೆ ಹೊರಟ ದಿನಕ್ಕೂ ನೂರರಿಂದ ನೂರೈವತ್ತು ಮಿಲಿಲೀಟರ್ ವ್ಯತ್ಯಾಸವಾಗಬಹುದು. ಹಾಸನದವರೆಗಿನ ಪ್ರಯಾಣದಲ್ಲಿ ಅದು ಅಲ್ಪ. ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಹೋಗಿ ಬರುವವರಿಗೆ ಮಾತ್ರ ಅದೇ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ಬ್ರೇಕ್ ಹಾಕಿದಾಗ ಮರಳಿ ಸಿಗುವ ವಿದ್ಯುತ್ತಿಗೂ ಮಿತಿಯಿದೆ. ರಸ್ತೆ ಉಬ್ಬನ್ನು ದೂರದಿಂದಲೇ ಕಂಡು ನಿಧಾನಿಸಿದರೆ ಮೋಟಾರು ಅದನ್ನು ಹಿಡಿದುಕೊಳ್ಳುತ್ತದೆ. ಬೇಲೂರಿನ ಜನಸಂದಣಿಯಲ್ಲಿ ಹಠಾತ್ತನೆ ತುಳಿದರೆ ಹೆಚ್ಚಿನದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಮುಳ್ಳಯ್ಯನಗಿರಿಯ ಕಡೆಯಿಂದ 700 ಮೀಟರ್ ಇಳಿದು ಬಂದರೆ ಎರಡೂವರೆ ಯೂನಿಟ್ಟಿಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆಯಾದರೂ ಬ್ಯಾಟರಿ ಅರ್ಧ ದಾರಿಗೆ ಮೊದಲೇ ತುಂಬಿಬಿಡಬಹುದು.

ಪರೀಕ್ಷಿಸಲೇಬೇಕೆಂದಿದ್ದರೆ ಒಂದೊಂದು ಪ್ರಯಾಣದ ಅಂಕಿಯನ್ನು ಬಿಟ್ಟು, ಒಂದೇ ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ಹಾಕಿಸಿ, ಐದಾರು ಬಾರಿ ಹಾಕಿಸಿದ ನಂತರ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪರದೆಯ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ: 60 ಕಿ.ಮೀ. 20ರ ದರದಲ್ಲಿ, ಇನ್ನೊಂದು 60 ಕಿ.ಮೀ. 30ರ ದರದಲ್ಲಿ ಓಡಿದ ಕಾರಿನ ಸರಾಸರಿ 25 ಅಲ್ಲ, 24. ಹೀಗೆ ತೆಗೆದ ಸರಾಸರಿಯೇ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಟೈರಿನ ಗಾಳಿಯನ್ನೂ ಬ್ರೇಕು ಕಚ್ಚಿಕೊಂಡಿದೆಯೇ ಎಂಬುದನ್ನೂ ನೋಡಿಸಿ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ. ಸಂತೆಯಿಂದ ತಂದ ಚೀಲಗಳನ್ನು ಅದಕ್ಕೆ ಅಡ್ಡವಾಗಿ ಇಡಬೇಡಿ.