ಯುಗಾದಿಗೆ ಬಣ್ಣ ಆಮೇಲೆ, ಮೊದಲು ಗೋಡೆಯ ನೀರು ನಿಲ್ಲಿಸಿ

ಶಿವರಾತ್ರಿ ಕಳೆಯಿತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ತರಹ. ಯುಗಾದಿಯೊಳಗೆ ಮನೆ ಹೊಸದಾಗಿ ಕಾಣಬೇಕು, ಖರ್ಚು ಮಾತ್ರ ಆಗಬಾರದು. ಜೇಡರ ಬಲೆ ತೆಗೆಯುವುದು, ಅಟ್ಟದ ಮೇಲಿನ ಪಾತ್ರೆ ತೊಳೆಯುವುದು, ಬೇಡದ್ದನ್ನು ಗುಜರಿಗೆ ಹಾಕುವುದು ಇವನ್ನೆಲ್ಲ ಹೇಳಿಕೊಡಲು ಕಟ್ಟಡದ ಎಂಜಿನಿಯರ್ ಬೇಕಿಲ್ಲ, ನಿಮ್ಮ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಗೋಡೆ, ನೆಲ, ಬಾಗಿಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಪ್ರಶ್ನೆ: ಹಾಲಿನ ಒಂದು ಗೋಡೆಯಲ್ಲಿ ನೆಲದಿಂದ ಎರಡಡಿ ಎತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತದೆ, ಬಿಳಿ ಪುಡಿ ಏಳುತ್ತದೆ. ಪ್ರತಿವರ್ಷ ಹಬ್ಬಕ್ಕೆ ಪುಟ್ಟಿ ಹಾಕಿಸಿ ಬಣ್ಣ ಹೊಡೆಸುತ್ತೇವೆ. ಈ ಸಲ ‘ಡ್ಯಾಂಪ್‌ಪ್ರೂಫ್’ ಪೇಂಟ್ ಹೊಡೆಸಿ, ಹತ್ತು ವರ್ಷ ಗ್ಯಾರಂಟಿ ಎನ್ನುತ್ತಿದ್ದಾರೆ. ಹೊಡೆಸಬಹುದೇ? (ತುಮಕೂರಿನ ಓದುಗರು)

ಉತ್ತರ: ಬೇಡ. ಪ್ರತಿವರ್ಷ ಉದುರುವುದಕ್ಕೇ ಪ್ರತಿವರ್ಷ ದುಡ್ಡು ಕೊಟ್ಟಿದ್ದೀರಿ, ಈ ವರ್ಷ ಸ್ವಲ್ಪ ಜಾಸ್ತಿ ಕೊಡಿ ಎನ್ನುತ್ತಿದ್ದಾರೆ, ಅಷ್ಟೇ. ಗ್ಯಾರಂಟಿ ಕೊಡುವವರನ್ನು ಒಂದೇ ಒಂದು ಮಾತು ಕೇಳಿ: ಈ ನೀರು ಎಲ್ಲಿಂದ ಬರುತ್ತಿದೆ? ಉತ್ತರ ಬರಲಿಲ್ಲವೆಂದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ನೀರು ಬರುತ್ತಿರುವುದು ಗೋಡೆಯ ಒಳಗಿನಿಂದ. ನೀವು ಬಣ್ಣ ಹೊಡೆಯುವುದು ಹೊರಮೈಗೆ. ಗಾರೆಯೊಳಗಿನ ಉಪ್ಪು ನೀರಿನಲ್ಲಿ ಕರಗಿ ಮೇಲ್ಮೈಗೆ ಬರುತ್ತದೆ, ನೀರು ಆರಿದ ಜಾಗದಲ್ಲಿ ಹರಳಾಗುತ್ತದೆ. ಆ ಹರಳು ಬೆಳೆಯುವಾಗ ಬಣ್ಣವನ್ನು ಮಾತ್ರವಲ್ಲ, ಪ್ಲಾಸ್ಟರನ್ನೇ ಒಡೆದು ತಳ್ಳುತ್ತದೆ. ಮೇಲೆ ದಪ್ಪ ರಬ್ಬರಿನಂಥ ಪೇಂಟ್ ಬಳಿದರೆ ನೀರಿಗೆ ಆರಲು ದಾರಿ ಇರುವುದಿಲ್ಲ. ಎರಡಡಿಯಲ್ಲಿ ನಿಂತಿದ್ದ ಶೀತ ಮುಂದಿನ ಮಳೆಗಾಲಕ್ಕೆ ಮೂರೂವರೆ ಅಡಿಗೆ ಏರುತ್ತದೆ, ಇಲ್ಲವೇ ಪಕ್ಕದ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದೇ ಪುಣ್ಯಾತ್ಮರು ಬಂದು ಆ ಕೋಣೆಗೂ ಒಂದು ಕೋಟ್ ಹೊಡೆಯುತ್ತಾರೆ.

ನೀವು ಕೇಳದ ಒಂದು ಮಾತಿದೆ. ತುಮಕೂರಿನಲ್ಲಿ ಫಾಲ್ಗುಣ ಮಾಸದಲ್ಲಿ ಮಳೆ ಎಷ್ಟು ಬಿದ್ದೀತು? ತಿಂಗಳುಗಟ್ಟಲೆ ಆಕಾಶ ಒಣಗಿರುವಾಗಲೂ ಗೋಡೆ ಮುಟ್ಟಿದರೆ ತಣ್ಣಗಿದೆ ಎಂದರೆ ಅದು ಮಳೆನೀರಲ್ಲ, ಬಹುಪಾಲು ನಿಮ್ಮದೇ ಮನೆಯ ನೀರು. ಪೈಪು, ಬಚ್ಚಲು, ಸಂಪು ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಹೀಗೆ ಹಿಡಿಯಲು ಯುಗಾದಿಗೆ ಮುಂಚಿನ ಈ ದಿನಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಮಳೆ ಶುರುವಾದ ಮೇಲೆ ಯಾವ ನೀರು ಯಾರದ್ದೆಂದು ನನಗೂ ತಿಳಿಯುವುದಿಲ್ಲ.

ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಯಾರೂ ಬಚ್ಚಲಿಗೆ ಹೋಗುವ ಮುಂಚೆ ನೋಡಿ. ಮಟ್ಟ ಇಳಿದಿದ್ದರೆ ಪೈಪು ಎಲ್ಲೋ ಸೋರುತ್ತಿದೆ. ಇಳಿದಿಲ್ಲ, ಆದರೆ ಆ ಗೋಡೆಯ ಹಿಂದೆ ಬಚ್ಚಲಿದೆ ಎಂದರೆ ಟೈಲ್ಸ್ ನಡುವಿನ ಸಂದು ಮತ್ತು ನಾನಿ ಟ್ರ್ಯಾಪಿನ (ಬಚ್ಚಲ ನೀರು ಹೊರಹೋಗುವ ಜಾಲರಿಯ ತೂತು) ಸುತ್ತ ನೋಡಿ. ಅಲ್ಲಿ ಸಿಮೆಂಟು ಹೋಗಿ ಕೂದಲೆಳೆಯಷ್ಟು ಬಿರುಕಿದ್ದರೂ ದಿನಾ ನಾಲ್ಕು ಜನ ಸ್ನಾನ ಮಾಡುವ ನೀರು ಅದನ್ನು ಹುಡುಕಿಕೊಂಡು ಹೋಗುತ್ತದೆ. ಸಂದು ತುಂಬಿಸುವುದು ಅರ್ಧ ದಿನದ ಕೆಲಸ.

ಇನ್ನೊಂದು ಪರೀಕ್ಷೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಶೀತವಿರುವ ಜಾಗಕ್ಕೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ನೀರು ಒಳಗಿನಿಂದಲೇ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾದರೆ ಅದು ಗಾಳಿಯ ತೇವ, ಕಿಟಕಿ ತೆಗೆಯಿರಿ, ಮುಗಿಯಿತು. ಹನಿ ಒಳಗಡೆಯೇ ಇದೆ, ಹಿಂದೆ ಬಚ್ಚಲೂ ಇಲ್ಲ, ಪೈಪೂ ಇಲ್ಲ ಎಂದಾದರೆ ಹೊರಗೆ ಹೋಗಿ ನೋಡಿ. ಗೋಡೆಗೆ ಒತ್ತಿ ಮಣ್ಣು ಪೇರಿಸಿ ದಾಸವಾಳ ನೆಟ್ಟಿದ್ದೀರಿ, ದಿನಾ ನೀರು ಹಾಕುತ್ತೀರಿ, ಅಲ್ಲವೇ? ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಪಾಯದ ಮೇಲೆ ಶೀತ ತಡೆಯಲು ಹಾಕಿದ ಪದರ ಇದ್ದರೂ ಅದಕ್ಕಿಂತ ಮೇಲೆ ಮಣ್ಣು ಬಂದರೆ ಆ ಪದರ ಇದ್ದೂ ಇಲ್ಲದಂತೆ. ಹಾರೆ ಗುದ್ದಲಿ ಹಿಡಿದು ಒಂದು ದಿನ ಮಣ್ಣು ಎಳೆದುಹಾಕಿದರೆ ಆಗುವ ಕೆಲಸವಿದು.

ಆಮೇಲೆ ಹಬ್ಬಕ್ಕೆ ಏನು ಮಾಡಬೇಕೆಂದರೆ, ಉಬ್ಬಿದ ಬಣ್ಣ, ಪುಟ್ಟಿ ಎಲ್ಲವನ್ನೂ ಕೆರೆದು ಪ್ಲಾಸ್ಟರ್ ಕಾಣುವಂತೆ ಮಾಡಿ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ಮೊರಕ್ಕೆ ತೆಗೆದು ಹೊರಗೆ ಹಾಕಿ. ದಯವಿಟ್ಟು ನೀರು ಹಾಕಿ ತೊಳೆಯಬೇಡಿ. ಕರಗಿದ ಉಪ್ಪು ತಿರುಗಿ ಗೋಡೆಯೊಳಕ್ಕೇ ಹೋಗಿ ಕೂರುತ್ತದೆ.

ಬರಿ ಪ್ಲಾಸ್ಟರ್ ನೋಡಿ ನೆಂಟರು ಏನೆಂದಾರು ಎಂಬ ಚಿಂತೆಯಿದ್ದರೆ ಅಷ್ಟು ಜಾಗಕ್ಕೆ ಸುಣ್ಣ ಹೊಡೆಯಿರಿ. ಅಗ್ಗದ್ದೆಂದು ಹೇಳುತ್ತಿಲ್ಲ, ಸರಿಯಾದದ್ದೆಂದು ಹೇಳುತ್ತಿದ್ದೇನೆ. ಸುಣ್ಣದ ಪದರದೊಳಗಿಂದ ತೇವ ಆರಿಹೋಗುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಹತ್ತಿರ ಬರುವುದಿಲ್ಲ. ಒಂದು ಕಿಲೋ ಸುಣ್ಣದ ಹರಳಿಗೆ ಸುಮಾರು ಐದು ಲೀಟರ್ ನೀರು. ನೀರಿಗೆ ಹರಳು ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಅರಳುವಾಗ ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಹೋಗುತ್ತದೆ, ಹಳೆಯ ಕಬ್ಬಿಣದ ಡ್ರಮ್ಮು ಸರಿ. ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಸೇರಿಸಿ ತೆಳ್ಳಗೆ ಹೊಡೆಯಿರಿ. ಹಸಿಯಿದ್ದಾಗ ಸುಣ್ಣ ನೀರಿನಂತೆ ಕಾಣುತ್ತದೆ, ಹಿಂದಿನ ಗೋಡೆ ಹಾಗೇ ತೋರುತ್ತದೆ. ಇಲ್ಲಿಯೇ ಎಲ್ಲರೂ ಗಾಬರಿಯಾಗಿ ಗಟ್ಟಿಯಾಗಿ ಕಲಸಿ ಬಳಿಯುವುದು. ಒಣಗಿದ ಮೇಲೆ ತಾನೇ ಬೆಳ್ಳಗಾಗುತ್ತದೆ, ತಡೆಯಿರಿ. ದಪ್ಪ ಬಳಿದ ಸುಣ್ಣ ಬಿರಿದು ಬೆನ್ನಿಗೆ ಹತ್ತುತ್ತದೆ. ಎರಡು ಮೂರು ತೆಳು ಕೋಟ್ ಸಾಕು. ಫೆವಿಕಾಲ್ ಸುರಿಯಬೇಡಿ, ಗೋಡೆ ಉಸಿರಾಡಲೆಂದೇ ಅಲ್ಲವೇ ಸುಣ್ಣ ಹೊಡೆಯುತ್ತಿರುವುದು. ಉಪ್ಪು ಪೂರ್ತಿ ನಿಲ್ಲುವವರೆಗೆ ಈ ಸುಣ್ಣವೂ ಒಂದಿಷ್ಟು ಉದುರುತ್ತದೆ, ಉದುರಲಿ, ಇನ್ನೊಂದು ಕೋಟ್ ಹೊಡೆಯಿರಿ. ಚೈತ್ರ ವೈಶಾಖದ ಬಿಸಿಲಿಗೆ ಗೋಡೆ ಪೂರ್ತಿ ಒಣಗಲಿ. ಬೇಕೆಂದರೆ ಮುಂಗಾರಿಗೆ ಮುಂಚೆ ಈ ಸುಣ್ಣವನ್ನು ಕೆರೆದು, ಪ್ರೈಮರ್ ಹಾಕಿ ನಿಮ್ಮ ಇಷ್ಟದ ಬಣ್ಣ ಹೊಡೆಸಿ.

ಒಂದು ಎಚ್ಚರಿಕೆ, ಇದರಲ್ಲಿ ನಾನು ಅಂಜುಬುರುಕ ಎಂದುಕೊಂಡರೂ ಬೇಸರವಿಲ್ಲ. ಹರಳು ಅರಳುವಾಗ ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣು ಹೋಗಬಹುದು. ಚಿಕ್ಕ ಮಕ್ಕಳಿರುವ ಮನೆಗೆ ಹರಳು ತರಲೇಬೇಡಿ, ಅರಳಿಸಿದ ಸುಣ್ಣದ ಪುಡಿಯೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅದನ್ನು ಬಳಸಿದರೂ ಕಣ್ಣಿಗೆ ಕನ್ನಡಕ, ಕೈಗೆ ಗವಸು ಬೇಕು. ಕಣ್ಣಿಗೆ ಬಿದ್ದರೆ ಎಣ್ಣೆ, ತುಪ್ಪ, ಎದೆಹಾಲು ಎಂದು ಹಾಕುತ್ತಾ ಕೂರದೆ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಹೊಡೆದ ಗೋಡೆಯ ಮೇಲೆ ಅಗ್ಗವೆಂದು ಸುಣ್ಣ ಹೊಡೆಸಬಹುದೇ?

ಉತ್ತರ: ನಿಲ್ಲುವುದಿಲ್ಲ. ಹಾಗೆ ನೋಡಿದರೆ ಗೋಡೆ ಚೆನ್ನಾಗಿದ್ದರೆ ಬಣ್ಣವೇ ಬೇಡ, ತೊಳೆಯಿರಿ. ಒದ್ದೆ ಬೆರಳಿನಿಂದ ಮೂಲೆಯಲ್ಲಿ ಉಜ್ಜಿ ನೋಡಿ, ಬಣ್ಣ ಬೆರಳಿಗೆ ಹತ್ತಿದರೆ ಅದು ಡಿಸ್ಟೆಂಪರ್, ತೊಳೆಯುವಂತಿಲ್ಲ. ಹತ್ತದಿದ್ದರೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣ ಗೋಡೆಯ ಮೇಲೆ ಇಳಿದು ಗೀರು ಬೀಳುತ್ತದೆ, ಆ ಗೀರು ಸುಲಭಕ್ಕೆ ಹೋಗುವುದಿಲ್ಲ. ಜೊತೆಗೆ ಕಿಟಕಿಯ ಗಾಜು, ಸೊಳ್ಳೆ ಜಾಲರಿ, ಟ್ಯೂಬ್‌ಲೈಟಿನ ಮೇಲಿನ ಧೂಳು ತೆಗೆಯಿರಿ. ಮನೆ ಮಂಕಾಗಿದೆ ಎನ್ನುವವರಲ್ಲಿ ಅರ್ಧ ಜನರ ಮನೆಯಲ್ಲಿ ಕಮ್ಮಿಯಿರುವುದು ಬಣ್ಣವಲ್ಲ, ಬೆಳಕು.

ಪ್ರಶ್ನೆ: ಶೀತದ ಗೋಡೆಗೆ ಇಟ್ಟಿಗೆ ಡಿಸೈನಿನ ಫೋಮ್ ಸ್ಟಿಕ್ಕರ್ ಅಂಟಿಸಿದರೆ?

ಉತ್ತರ: ಹಿಂದೆ ಬೂಷ್ಟು ಸಾಕಿಕೊಳ್ಳುತ್ತೀರಿ.

ಪ್ರಶ್ನೆ: ಈಶಾನ್ಯದ ಗೋಡೆಗೆ ಯಾವ ಬಣ್ಣ ಶುಭ?

ಉತ್ತರ: ಒಣಗಿದ ಗೋಡೆಗೆ ಯಾವ ಬಣ್ಣವಾದರೂ.

ಪ್ರಶ್ನೆ: ಅಡುಗೆಸೋಡಕ್ಕೆ ವಿನೆಗರ್ ಬೆರೆಸಿದರೆ ಯಾವ ಕಲೆಯಾದರೂ ಹೋಗುತ್ತದಂತೆ. ವಿಡಿಯೊ ನೋಡಿದೆ.

ಉತ್ತರ: ನೊರೆ ಬರುವುದನ್ನು ನೋಡಿದಿರಿ. ಒಂದು ಕ್ಷಾರ, ಒಂದು ಆಮ್ಲ. ಬೆರೆತರೆ ಎರಡರ ಶಕ್ತಿಯೂ ಹೋಗಿ ಉಪ್ಪುನೀರಿನಂಥದ್ದು ಉಳಿಯುತ್ತದೆ. ಜಿಡ್ಡಿಗೆ ಸೋಡ, ಗಡಸು ನೀರಿನ ಬಿಳಿ ಕಲೆಗೆ ವಿನೆಗರ್, ಬೇರೆ ಬೇರೆಯಾಗಿ. ಇದರಿಂದ ನಷ್ಟವಾದರೂ ಇಲ್ಲ. ಬಚ್ಚಲಿಗೆ ಆಸಿಡ್ ಹಾಕಿ ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸುವವರಿದ್ದಾರಲ್ಲ, ಅವರಿಗೆ ಬೈಯಬೇಕು. ಏಳುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ. ಮೊಸಾಯಿಕ್, ಕಡಪ, ಶಹಾಬಾದ್ ನೆಲಕ್ಕಂತೂ ಆಸಿಡ್ ತೋರಿಸಲೂಬೇಡಿ. ಕಡಪ, ಶಹಾಬಾದ್ ಸುಣ್ಣದ ಕಲ್ಲೇ, ಮೊಸಾಯಿಕ್‌ನಲ್ಲಿರುವುದು ಅಮೃತಶಿಲೆಯ ಚೂರು. ಆಸಿಡ್ ತಿನ್ನುವುದು ಕೊಳೆಯನ್ನಲ್ಲ, ಕಲ್ಲನ್ನು. ಆ ಹೊಳಪು ಮತ್ತೆ ಬರಬೇಕೆಂದರೆ ಪಾಲಿಶ್ ಮಷಿನ್ ತರಿಸಬೇಕು.

ಪ್ರಶ್ನೆ: ಹಳೆ ಮನೆಯ ಬಾಗಿಲು, ಕಿಟಕಿಗಳನ್ನು ನಾವೇ ಉಜ್ಜಿ ಎನಾಮಲ್ ಬಳಿಯಬೇಕೆಂದಿದ್ದೇವೆ. ಮಕ್ಕಳಿಗೆ ರಜೆಯಿದೆ, ಅವರೂ ಕೈಜೋಡಿಸುತ್ತಾರೆ.

ಉತ್ತರ: ಮಕ್ಕಳು ಬೇಡ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಎನಾಮಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಿರಿ. ಒಣ ಸ್ಯಾಂಡ್‌ಪೇಪರ್ ಹಾಕಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ, ನೆಲದಲ್ಲಿ ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ, ಮಿದುಳಿನ ಬೆಳವಣಿಗೆಗೇ ಪೆಟ್ಟು. ಪೇಂಟ್ ಗಟ್ಟಿಯಾಗಿ ಹಿಡಿದಿದ್ದರೆ ಉಜ್ಜದೆ ಸೋಪಿನ ನೀರಿನಲ್ಲಿ ಒರೆಸಿ ಬಿಡಿ. ಉಜ್ಜಲೇಬೇಕೆಂದರೆ ನೀರುಕಾಗದ (ನೀರಿನಲ್ಲಿ ನೆನೆಸಬಹುದಾದ ಸ್ಯಾಂಡ್‌ಪೇಪರ್) ತಂದು ಒದ್ದೆ ಮಾಡಿ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಆ ಬಟ್ಟೆಯನ್ನು ತೊಳೆದು ಮತ್ತೆ ಬಳಸಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಈ ಯುಗಾದಿಗೆ ಬೇಡ, ಮುಂದಿನ ವರ್ಷ ನೋಡೋಣ.